ಗುಂಡುಕೋಟೆಯ ಸುಕ್ಕು

ಬಹಳ ಹಿಂದೆ, ಸಾಸಿವೆ ಕಾಳಿಗಿಂತ ಸಣ್ಣದೊಂದು ರಾಜ್ಯವಿತ್ತು. ಸಣ್ಣದಾದರೂ ಅದಕ್ಕೊಬ್ಬ ರಾಜನಿದ್ದ, ನಡುವೆ ಒಂದು ಗುಂಡುಕೋಟೆಯಿತ್ತು. ಕೋಟೆಯ ಗೋಡೆ ಕಲ್ಲಿನದಲ್ಲ, ಬಲೆಯ ಹಾಗೆ ನೇಯ್ದದ್ದು. ಒಳಗೆ ಉದ್ದದ ಒಂದು ನೂಲು. ಉಣ್ಣುವುದು, ಕಟ್ಟುವುದು, ಬೆಳೆಯುವುದು, ರಾಜ್ಯದ ಎಲ್ಲ ಕಟ್ಟಳೆಯೂ ಆ ನೂಲಿನ ಮೇಲೆ ಬರೆದಿತ್ತು. ನೂಲು ಹರಿದರೆ ರಾಜ್ಯಕ್ಕೆ ಮರೆವು, ಮರೆವು ಬಂದರೆ ಸಾವು. ಗಡಿಯಿಂದ ಕೋಟೆಗೆ ಹಗ್ಗ ಬಿಗಿದಿದ್ದರು. ಗಡಿಯಲ್ಲಿ ಯಾರು ಎಳೆದರೂ ಕೋಟೆಗೆ ಗೊತ್ತಾಗುತ್ತಿತ್ತು.

ಗೋಡೆ ನೇಯುವವನು ಮಾಳಿಂಗ. ಜೊತೆಗೆ ನೇಯುವವಳು ಹೆಂಡತಿ ಗುಬ್ಬವ್ವ. ಅವಳು ನೇಯುವಾಗ ಅಲ್ಲಲ್ಲಿ ಸುಕ್ಕು ಬಿಡುತ್ತಿದ್ದಳು.

"ಏನೇ ಇದು, ಮುದುಕಿ ಕೆನ್ನೆ ಇದ್ದಂಗೆ?" ಅನ್ನುವನು.

"ಬೆಳೆಯೋ ಹುಡುಗಿ ಲಂಗಕ್ಕೆ ಮಡಿಕೆ ಹೊಲಿಯಲ್ವೇನ್ರೀ? ಎಳೆತ ಬಂದಾಗ ಬಿಚ್ಕೊಳ್ಳಲಿ ಅಂತ."

ಒಂದು ದಿನ ರಾಜ ಗೋಡೆ ನೋಡಲು ಬಂದ. ಸುಕ್ಕು ಕಂಡು ಹುಬ್ಬು ಗಂಟಿಕ್ಕಿದ. ಮಾಳಿಂಗ ಎಲ್ಲರೆದುರು ಅಂದ: "ನನ್ನ ಕೈಯದಲ್ಲ ಮಹಾಪ್ರಭು. ಹೆಂಗಸು, ಕೆಲಸ ಬಾರದು."

ಗುಬ್ಬವ್ವ ಅಲ್ಲೇ ನಿಂತಿದ್ದಳು. ಮಾಳಿಂಗ ಕೈಗೆಟುಕಿದ ಸುಕ್ಕನ್ನೆಲ್ಲ ಬಿಗಿದು ಹೊಲಿದು ಗೋಡೆಯನ್ನು ನುಣ್ಣಗೆ ಮಾಡಿದ. ರಾಜ ಶಾಲು ಹೊದಿಸಿದ. ಅದೇ ತಿಂಗಳು ಗುಬ್ಬವ್ವ ಜ್ವರ ಬಂದು ತೀರಿಕೊಂಡಳು.

ಆಮೇಲೆ ಹಿಂಡಾಸುರನೆಂಬ ಮಾಂತ್ರಿಕ ಬಂದ. ಮೂರು ಸಲದಲ್ಲಿ ನೂಲು ಹರಿದರೆ ರಾಜ್ಯ ಅವನದು. ಹರಿಯದಿದ್ದರೆ ಅವನ ಮಂತ್ರ ಅವನನ್ನೇ ತಿನ್ನುವುದು. ಅವನ ವಿದ್ಯೆಯ ಕಟ್ಟೇ ಹಾಗೆ.

ಮೊದಲು ಗಡಿ ಹಿಡಿದು ಎಳೆದ. ಹಗ್ಗಗಳೆಲ್ಲ ಗುಂಯ್ ಎಂದವು. ನುಣುಪು ಗೋಡೆ ಒಂದು ಕಡೆ ಹರಿಯಿತು. ಮಾಳಿಂಗ ಓಡಿ ತೇಪೆ ಹಾಕಿದ.

ಎರಡನೆಯ ಸಲ ಮೇಲಿಂದ ಒತ್ತಿದ. ಗೋಡೆ ಮೂರು ಕಡೆ ಬಿರಿಯಿತು. ನೂಲು ಹೊರಗೆ ಇಣುಕಿ, ಕೂದಲೆಳೆಯಲ್ಲಿ ಉಳಿಯಿತು.

"ಹಪ್ಪಳ ಕಣೋ ನಿನ್ನ ಗೋಡೆ! ನಾಳೆ ರಾಜ್ಯಾನೇ ಸೂಜಿಕಣ್ಣಿನ ಕಣಿವೆಗೆ ತುರುಕ್ತೀನಿ, ನೋಡ್ತಿರು" ಎಂದು ಹಿಂಡಾಸುರ ನಕ್ಕ.

ರಾಜ ಸಭೆ ಕರೆದು ಕೇಳಿದ: "ಮಾಳಿಂಗಾ, ಬಡಗಣ ಬದಿ ಮಾತ್ರ ಎರಡು ಸಲವೂ ಹರಿಯಲಿಲ್ಲ. ಯಾಕಯ್ಯಾ?"

ಮಾಳಿಂಗನಿಗೆ ಗೊತ್ತಿತ್ತು. ಅಲ್ಲಿಗೆ ಅವನ ಸೂಜಿ ಎಟುಕಿರಲಿಲ್ಲ. ಅವಳು ಬಿಟ್ಟ ಸುಕ್ಕು ಹಾಗೇ ಇತ್ತು. ಹೇಳಿದರೆ ಮಾನ ಹೋಗುವುದು, ಹೇಳದಿದ್ದರೆ ರಾಜ್ಯ.

"ಅದು ಗುಬ್ಬವ್ವನ ಕೆಲಸ, ಮಹಾಪ್ರಭು. ಹರಿದದ್ದೆಲ್ಲ ನನ್ನದು. ಕೆಲಸ ಬಾರದವನು ನಾನು. ಅವಳೆದುರಿಗೇ ಸುಳ್ಳು ಹೇಳಿದೆ."

ಹಿಂದೆ ಯಾರೋ ಕಿಸಕ್ಕೆಂದರು. ಮಾಳಿಂಗ ನೆಲ ನೋಡುತ್ತ ನಿಂತ.

"ಹಾಗಾದರೆ ಬಿಚ್ಚು" ಎಂದ ರಾಜ.

ಊರಿಗೆ ಊರೇ ಕೂತು ಹೊಲಿಗೆ ಬಿಚ್ಚಿತು. ಗೋಡೆ ಮತ್ತೆ ಮುದುಕಿ ಕೆನ್ನೆಯಾಯಿತು. ಒಳಗೆ ಬಿಗಿಯಾಗಿ ಸುತ್ತಿದ್ದ ನೂಲನ್ನೂ ಸಡಿಲಿಸಿದರು.

ಮೂರನೆಯ ಸಲ ಹಿಂಡಾಸುರ ರಾಜ್ಯವನ್ನು ಕಣಿವೆಗೆ ತುರುಕಿದ. ಸುಕ್ಕು ಒಂದೊಂದಾಗಿ ಬಿಚ್ಚಿಕೊಂಡವು. ಕೋಟೆ ಪಡವಲಕಾಯಿಯ ಹಾಗೆ ಉದ್ದವಾಯಿತು, ನುಸುಳಿತು, ಆಚೆ ಬಂದು ಮತ್ತೆ ಗುಂಡಗಾಯಿತು. ನೂಲು ಹರಿಯಲಿಲ್ಲ. ಮಂತ್ರ ತಿರುಗಿ ಹಿಂಡಾಸುರನನ್ನೇ ಹಿಂಡಿತು. ಅವನಿದ್ದ ಜಾಗದಲ್ಲಿ ಒಂದು ತೊಟ್ಟು ನೀರಷ್ಟೇ ಉಳಿಯಿತು.

ರಾಜ್ಯವೆಲ್ಲ ಉಂಡಿತು, ಕುಣಿಯಿತು, ಸುಖವಾಗಿ ಬಾಳಿತು. ಮಾಳಿಂಗನೂ ಬಾಳಿದ. ಆದರೆ ದಾರಿಹೋಕರು "ಎಂಥಾ ಗೋಡೆ ನೇಯ್ದೆಯಪ್ಪಾ" ಎಂದು ಹೊಗಳಿದರೆ ತಲೆ ಎತ್ತುತ್ತಿರಲಿಲ್ಲ. "ಅವಳು" ಎನ್ನುವನು. ಅಷ್ಟು ಹೇಳುವುದಕ್ಕೇ ಅವನಿಗೆ ಉಸಿರು ಸಾಲುತ್ತಿರಲಿಲ್ಲ.