ಅಮರನ ಮಾತಿಗೆ ಹಾಕಿದ ಕತ್ತರಿ

ಭಾನುವಾರ ಬೆಳಿಗ್ಗೆ ಇಂಪನಾ ಬೀಗದ ಕೈ ಹುಡುಕುತ್ತಾ ಮೆಟ್ಟಿಲು ಹತ್ತಿ ಬಂದಾಗ ಸ್ಟುಡಿಯೋ ಬಾಗಿಲಲ್ಲಿ ಅಮರ ಆಗಲೇ ನಿಂತಿದ್ದ. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಕೈಯಲ್ಲೊಂದು ಪೇಢೆಯ ಡಬ್ಬಿ. ಇಷ್ಟು ಚೆಂದ ಕಾಣಬಾರದು ಈ ಮನುಷ್ಯ ಅಂದುಕೊಂಡಳು.

ಏನು ವಿಶೇಷ ಎಂದು ಕೇಳಿದಳು.

"ಅವ್ವ ಕಳಿಸ್ಯಾಳ್ರಿ," ಅಂದ. ಮುಂದಿನ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಡಬ್ಬಿಯ ಅಂಚು ಒತ್ತಿ, ಅದು ಬಿಡುವವರೆಗೆ ಕಾದ. "ನಿಮಗ. ನನ್ನ ಉಗ್ಗು ಬಿಡಿಸಿದ್ದಕ್ಕ."

ಅವನು ನಗಲಿಲ್ಲ. ಇಂಪನಾಳ ಕೈಯಲ್ಲಿ ಬೀಗದ ಕೈ ತಿರುಗಲಿಲ್ಲ.

ಪುಣೆಯ ಕನ್ನಡಿಗರ ಈ ಪುಟ್ಟ ಇಂಟರ್‌ನೆಟ್ ರೇಡಿಯೋ ಭಾನುವಾರ ಮಾತ್ರ ಬಾಯಿ ಬಿಡುತ್ತದೆ, ಬಿಟ್ಟರೆ ಬರೀ ಮಾತು. ಹಾಡು ಹಾಕುವ ಹಕ್ಕು ಕೊಳ್ಳುವ ತಾಕತ್ತು ಸಂಘಕ್ಕಿಲ್ಲ. ಬೆಳಿಗ್ಗೆ ಡಾಕ್ಟರ ಸಲಹೆ, ಆಮೇಲೆ ಶಿವರುದ್ರಪ್ಪನವರ ಮರಾಠಿ ಪಾಠ, ಅಡುಗೆ, ಮಕ್ಕಳ ಕಥೆ, ನಾಟಕ, ಸಂಜೆ ಕೇಳುಗರ ಜೊತೆ ನೇರ ಮಾತುಕತೆ. ವಾರವಿಡೀ ವಿಮಾನ ನಗರದ ಕಂಪನಿಯಲ್ಲಿ ಕೋಡ್ ಬರೆಯುವ ಮೈಸೂರಿನ ಇಂಪನಾ ಭಾನುವಾರ ಇಲ್ಲಿ ನಿರೂಪಕಿ, ಎಡಿಟರ್, ಬೀಗದ ಯಜಮಾನಿ, ಎಲ್ಲಾ.

ಅಮರ ಚಾಕಣದ ಕಾರ್ಖಾನೆಯಲ್ಲಿ ಗೇರ್‌ಬಾಕ್ಸುಗಳ ಸದ್ದು ಕೇಳಿ ಪರೀಕ್ಷೆ ಮಾಡುವವನು. ಇಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದ. ಪರಿಚಯವಾಗಿ ಇಷ್ಟು ದಿನವಾದರೂ ಅವಳನ್ನು ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. 'ಇಂ' ಅಕ್ಷರ ಅವನಿಗೆ ಬಲು ಕಷ್ಟ. ಅದಕ್ಕೆ 'ನೀವು' ಅನ್ನುತ್ತಿದ್ದ, ಇಲ್ಲವೇ ಸ್ಟುಡಿಯೋದ ಗಾಜಿನಾಚೆಯಿಂದ ಹುಬ್ಬು ಹಾರಿಸುತ್ತಿದ್ದ. ಆ ಒಂದು ಹುಬ್ಬಿಗಾಗಿ ಅವಳು ಸೋಮವಾರದಿಂದಲೇ ಭಾನುವಾರಕ್ಕೆ ಕಾಯುತ್ತಿದ್ದಳು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಎಡಿಟಿಂಗ್ ಬಂದ ಮೇಲೆ ಆ ಗಾದೆ ಅರ್ಧ ಸುಳ್ಳಾಗಿದೆ. ಕಳೆದ ಭಾನುವಾರ ಪ್ರಸಾರವಾದ ಅಮರನ ಭಾಷಣವೇ ಸಾಕ್ಷಿ. ಗೇರ್‌ಬಾಕ್ಸಿನ ಸದ್ದಿನ ಬಗ್ಗೆ ಮಾತಾಡಿ ಎಂದು ಕಾಡಿಬೇಡಿ ಅವಳೇ ರೆಕಾರ್ಡ್ ಮಾಡಿಸಿದ್ದಳು. ಆಮೇಲೆ ಅವನಿಗೊಂದು ಮಾತೂ ಹೇಳದೆ ಕಂಪ್ಯೂಟರ್ ಮುಂದೆ ಕೂತು, ಅವನು ತಡೆದ ಕಡೆಯೆಲ್ಲ ಕತ್ತರಿ ಹಾಕಿದ್ದಳು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದೇ ಆರಿಸಿದ್ದಳು. ಪ್ರಸಾರವಾದದ್ದು ನೀರಿನಂತೆ ಹರಿಯುವ ಮಾತು.

ಒಳಗೆ ಬಂದು ವೈರು ಜೋಡಿಸುತ್ತಾ ಅಮರ ನಿಧಾನವಾಗಿ ವಿಷಯ ಹೇಳಿದ. ಅವನ ತಾಯಿ ಭೀಮವ್ವ ಭಾಷಣ ಕೇಳಿ ಅತ್ತುಬಿಟ್ಟಿದ್ದರು. ಮನೆಯಲ್ಲಿ ಮಗ ಹಾಗೇ ತಡವರಿಸಿದರೂ, ಅದು ಬರೀ ನಾಚಿಕೆ, ಮೈಕ್ ಮುಂದೆ ಸರಿಯಾಗಿದ್ದಾನೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು, ಆ ರೆಕಾರ್ಡಿಂಗನ್ನು ಸೊಲ್ಲಾಪುರದ ಒಂದು ಸಂಬಂಧಕ್ಕೆ ವಾಟ್ಸ್ಯಾಪ್‌ನಲ್ಲಿ ಕಳಿಸಿದ್ದರು. ಉಗ್ಗಿನ ಕಾರಣಕ್ಕೇ ಹಿಂದೆ ಬೇಡ ಅಂದವರು ಅವರು. ಈಗ ಒಪ್ಪಿ ಇವತ್ತು ಸಂಜೆ ಹುಡುಗಿಯನ್ನೂ ಕರೆದುಕೊಂಡು ಮನೆಗೆ ಬರುತ್ತಿದ್ದಾರೆ.

"ಅವರು ಆ ರೇಡಿಯೋದಾಗಿನ ಅಮರನ್ನ ನೋಡ್ಲಿಕ್ಕೆ ಬರ್ಲಿಕತ್ತಾರ," ಅಂದ. "ಅವ ನನಗೂ ಪರಿಚಯ ಇಲ್ರಿ."

ಇಂಪನಾ ಉತ್ತರ ಕೊಡುವ ಮೊದಲೇ ಡಾಕ್ಟರು ಬಂದರು. ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತಾ ಅವರು, ಸುಮ್ಮನೆ ಮುಚ್ಚಿಟ್ಟುಕೊಂಡರೆ ಯಾವುದೂ ವಾಸಿಯಾಗುವುದಿಲ್ಲ ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳ ಮುಖ ಕೆಂಪಾಯಿತು. ಗಾಜಿನಾಚೆ ನೋಡಿದಳು. ಅಮರ ಹುಬ್ಬು ಹಾರಿಸಲಿಲ್ಲ, ಸದ್ದು ಅಳೆಯುವ ಮೀಟರಿನ ಮುಳ್ಳನ್ನೇ ನೋಡುತ್ತಿದ್ದ.

ಮರಾಠಿ ಪಾಠದ ಸಮಯಕ್ಕೆ ಅವಳು ಅಡುಗೆ ಕಾರ್ಯಕ್ರಮ ಎಂದು ಘೋಷಿಸಿದಳು. ಶಿವರುದ್ರಪ್ಪನವರು ಮೈಕ್ ಮುಂದೆ ಪಾಪ ಬಾಯಿ ತೆರೆದುಕೊಂಡು ಕೂತರು. ಪೇಢೆಯ ಡಬ್ಬಿ ಮೇಜಿನ ಮೇಲೆ ಹಾಗೇ ಇತ್ತು. ಬಂದವರೆಲ್ಲ ಅದರತ್ತ ಆಸೆಯಿಂದ ನೋಡಿದರು. ತೆರೆಯುವ ಧೈರ್ಯ ಅವಳಿಗಿರಲಿಲ್ಲ. ಒಬ್ಬ ತಾಯಿಯ ಕಣ್ಣೀರನ್ನು ಸುಳ್ಳು ಹೇಳಿ ಗಳಿಸಿದ್ದೆ, ಆಚೆ ಏನೂ ಅರಿಯದ ಹುಡುಗಿಯೊಬ್ಬಳು ಸೀರೆ ಆರಿಸುತ್ತಿದ್ದಾಳೆ ಅಂದುಕೊಂಡಳು. ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚೂ ಇತ್ತು. ಅದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಮಧ್ಯಾಹ್ನ ನಾಟಕ ಓಡುತ್ತಿದ್ದಾಗ ಅವನ ಪಕ್ಕ ಹೋಗಿ ನಿಂತಳು.

"ಟೈಮ್ ಸಾಲದೆ ಕಟ್ ಮಾಡ್ದೆ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ. ಸುಳ್ಳು ಅದು," ಅಂದಳು. "ನಮ್ಮಮ್ಮ ಮೈಸೂರಲ್ಲಿ ಕೂತು ಕೇಳ್ತಾರೆ. ಅವರಿಗೆ ನಿಮ್ಮ ಮಾತು ಚೆನ್ನಾಗಿ ಕೇಳಿಸ್ಲಿ ಅಂತ ಮಾಡ್ದೆ."

ಅಮರ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದ. ಅವಳ ಕಡೆ ತಿರುಗಿದ.

"ನಿಮ್ಮವ್ವನ ಮುಂದ ನನ್ನ ಯಾಕ ಚಂದ ಮಾಡಬೇಕಿತ್ತು?"

ಅವಳ ಹತ್ತಿರ ಉತ್ತರವಿತ್ತು, ಹೇಳಲು ಬಾಯಿ ಬರಲಿಲ್ಲ. ತುಟಿ ತೆರೆದು ಮುಚ್ಚಿದಳು. ಮಾತು ಗಂಟಲಲ್ಲಿ ನಿಲ್ಲುವುದೆಂದರೆ ಏನೆಂದು ಆಗ ತಿಳಿಯಿತು. ಅಮರ ಆತುರಪಡಿಸಲಿಲ್ಲ. ಅವನ ಕಣ್ಣಂಚಿನಲ್ಲಿ ಬೆಳಗಿನಿಂದ ಇಲ್ಲದ ಸಣ್ಣ ತುಂಟತನವೊಂದು ಬಂದು ಕೂತಿತು.

"ನೀವು ಇಷ್ಟ ಅಂತ," ಅಂದಳು ಕೊನೆಗೆ. "ಇಷ್ಟಪಟ್ಟೋರಿಗೇ ಅವಮಾನ ಮಾಡ್ಬಿಟ್ಟೆ. ಸಾಯಂಕಾಲ ಆನ್ ಏರ್ ನಾನು ನಿಜ ಹೇಳ್ಬಿಡ್ಲಾ?"

ಅವನು ಅಡ್ಡಡ್ಡ ತಲೆಯಾಡಿಸಿದ. "ನೀವು ಹೇಳಬ್ಯಾಡ್ರಿ. ಒಮ್ಮೆ ನನ್ನ ಮಾತು ನೀವು ಆಡೀರಿ. ಈ ಸಲ ನಾನ ಆಡತೀನಿ."

ಸಂಜೆಯ ನೇರ ಮಾತುಕತೆಗೆ ಇಬ್ಬರೂ ಜಾಗ ಬದಲಿಸಿಕೊಂಡರು. ಮೈಕ್ ಮುಂದೆ ಅಮರ, ಗಾಜಿನೀಚೆ ಇಂಪನಾ. ಮಾತು ನಿಂತ ಕೂಡಲೇ ರೇಡಿಯೋದ ಗುರುತಿನ ಸದ್ದು ಹಾಕಬೇಕು, ಇಲ್ಲದಿದ್ದರೆ ಕೇಳುಗರು ಸಂಪರ್ಕ ಹೋಯಿತೆಂದು ಎದ್ದುಬಿಡುತ್ತಾರೆ, ಇದು ಇಲ್ಲಿಯ ನಿಯಮ. ಅವಳ ಬೆರಳು ಆ ಬಟನ್ ಮೇಲಿತ್ತು.

ಕೆಂಪು ದೀಪ ಹತ್ತಿತು. ಅಮರ ನಮಸ್ಕಾರ ಅಂದ. 'ನಾನು' ಅನ್ನುವಷ್ಟರಲ್ಲಿ ಸಿಕ್ಕಿಕೊಂಡ. ಅವನ ಕತ್ತಿನ ನರ ಉಬ್ಬಿತು, ಕಣ್ಣು ಮುಚ್ಚಿತು. ಪುಣೆಯ ಅಷ್ಟೂ ಕನ್ನಡದ ಮನೆಗಳಲ್ಲಿ ಆ ಗಳಿಗೆ ಏನೂ ಕೇಳಿಸಲಿಲ್ಲ. ಹೊರಗೆ ಕೂತಿದ್ದ ಶಿವರುದ್ರಪ್ಪನವರು ಗಾಬರಿಯಿಂದ ಬಟನ್ ಒತ್ತುವಂತೆ ಸನ್ನೆ ಮಾಡಿದರು. ಇಂಪನಾ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ನಾನು ಅಮರ," ಅಂದ ಅವನು. "ಹ್ವಾದ ವಾರ ನೀವು ಕೇಳಿದ್ದು ನನ್ನ ಅರ್ಧಾ ಮಾತು. ನನಗ ಉಗ್ಗು ಅದ. ಇವತ್ತ ಪೂರಾ ಕೇಳ್ರಿ."

ಗೇರ್‌ಬಾಕ್ಸಿನ ಕಥೆಯನ್ನು ಮೊದಲಿಂದ ಹೇಳಿದ. ಹತ್ತಾರು ಕಡೆ ನಿಂತ, ಮತ್ತೆ ಹೊರಟ. ಕತ್ತರಿ ಹಾಕಿದಾಗ ಅವಳಿಗೆ ಬರೀ ಕಸವಾಗಿ ಕಂಡಿದ್ದ ಆ ಖಾಲಿ ಜಾಗಗಳಲ್ಲಿ ಅವನು ಮುಂದಿನ ಮಾತನ್ನು ಎಷ್ಟು ಜೋಪಾನವಾಗಿ ಆರಿಸುತ್ತಿದ್ದನೆಂದು ಈಗ ಕಂಡಿತು. ಅವಳ ಕಣ್ಣು ತುಂಬಿ ಮೀಟರಿನ ಮುಳ್ಳು ಕಾಣದಾಯಿತು.

ಮುಗಿಸಿ ಬಂದಾಗ ಅವನ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಕಿವಿಗಿಟ್ಟುಕೊಂಡು ಬೈಗುಳವನ್ನೆಲ್ಲ ಸುಮ್ಮನೆ ಕೇಳಿಸಿಕೊಂಡ.

"ಸೊಲ್ಲಾಪುರದವರೂ ಕೇಳಿದ್ರಂತ. ಅರ್ಧ ದಾರಿಯಿಂದ ತಿರುಗಿ ಹೋದ್ರು," ಅಂದ. "ಅವ್ವ ಭಾಳ ಸಿಟ್ಟಾಗ್ಯಾಳ. ಆ ರೇಡಿಯೋ ಹುಡುಗಿ ಕಡಿಂದ ಪೇಢೆ ವಾಪಸ್ ಇಸ್ಕೊಂಡು ಬಾ ಅಂದ್ಳು."

ಅವನು ಡಬ್ಬಿಗೆ ಕೈ ಚಾಚಿದ. ಇಂಪನಾ ಅದನ್ನು ಎದೆಗವಚಿಕೊಂಡು ಹಿಂದೆ ಸರಿದಳು.

"ನಾನೇ ಬಂದು ಕೊಡ್ತೀನಿ. ಬೈಸ್ಕೊಬೇಕಾಗಿರೋದು ನಾನು. ಈಗ್ಲೇ ಹೋಗೋಣ."

ಅಮರ ಬಾಗಿಲಲ್ಲಿ ನಿಂತು ಏನೋ ಹೇಳಲು ಹೊರಟ. ತುಟಿ ಅಗಲವಾಯಿತು, ಹಲ್ಲು ಕಂಡಿತು, ಸ್ವರ ಹೊರಡಲಿಲ್ಲ. ಯಾವ ಅಕ್ಷರದಲ್ಲಿ ಸಿಕ್ಕಿಕೊಂಡಿದ್ದಾನೆಂದು ಅವಳಿಗೆ ತಿಳಿಯಿತು. ಅವನ ಪರವಾಗಿ ತಾನೇ ಹೇಳಿಬಿಡಬಹುದಿತ್ತು, ಅದು ಅವಳದೇ ಹೆಸರು.

ಅವಳು ಹೇಳಲಿಲ್ಲ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತು ಕಾದಳು.