ಬಿಳಿ ಚೀಲದ ಮೇಲಿಲ್ಲದ ಕಲೆ

“ನನ್ನ ಕ್ಯಾಸೆಟ್ ಇಲ್ಲ!”

ಬೃಂದಾ ಚೀರಿದ ರಭಸಕ್ಕೆ ಕಾಕನಕೋಟೆಯ ಆನೆಗಳೆಲ್ಲ ಎದ್ದು ಕೇರಳದ ಕಡೆ ಓಡಿದವು. ನಂಬದಿದ್ದರೆ ಬಿಡಿ; ಅಲ್ಲಿದ್ದವನು ನಾನು.

೧೯೯೮ರ ಆಗಸ್ಟ್. ಹಂಪಾಪುರದ ಹತ್ತಿರದ ಊರೊಂದರ ಸಮುದಾಯ ಭವನ. ಸಮಾಜಕಾರ್ಯದ ಎಂ.ಎಸ್.ಡಬ್ಲ್ಯು. ಕೊನೆಯ ವರ್ಷದ ಶಿಬಿರ. ನಮ್ಮ ತಂಡದಲ್ಲಿ ಮೂವರು: ಬೃಂದಾ, ವಸಂತ್, ಮತ್ತು ಇಡೀ ವಿಶ್ವವಿದ್ಯಾಲಯವೇ ಹೆದರುವಂಥ ಬುದ್ಧಿವಂತನಾದ ನಾನು, ಮಹೇಂದ್ರ. ಪ್ರತಿಯೊಬ್ಬರೂ ಒಂದು ಕುಟುಂಬದೊಡನೆ ಒಡನಾಡಿ ಕೇಸ್ ಸ್ಟಡಿ ಸಿದ್ಧಪಡಿಸಬೇಕು. ನಾಳೆ ಬೆಳಿಗ್ಗೆ ಮೈಸೂರಿನಿಂದ ಪರೀಕ್ಷಕರು ಬಂದು ವೈವಾ ನಡೆಸುತ್ತಾರೆ. ಅದರಲ್ಲಿ ಬಿದ್ದರೆ ಡಿಗ್ರಿ ಇಲ್ಲ.

ಆ ಕ್ಯಾಸೆಟ್ಟಿನಲ್ಲಿದ್ದದ್ದು ಮಲ್ಲಾಜಮ್ಮನ ಧ್ವನಿ. ಗಂಡ ದೇವರಾಜು ಹೇಗೆ ಹೊಡೆಯುತ್ತಾನೆ, ಯಾವುದರಲ್ಲಿ ಹೊಡೆಯುತ್ತಾನೆ — ಎಲ್ಲ ಹೇಳಿದ್ದಳು. “ಯಾರ್ಗೂ ಕೇಳುಸ್ಬ್ಯಾಡ ಕಣವ್ವ” ಎಂದು ಬೃಂದಾಳಿಂದ ಭಾಷೆ ತೆಗೆದುಕೊಂಡಿದ್ದಳು. ಹೆಸರು ಮರೆಮಾಚಿ ಬರೆದುಕೊಂಡು ಅಳಿಸಿಬಿಡುವುದಾಗಿ ಬೃಂದಾ ಮಾತು ಕೊಟ್ಟಿದ್ದಳು.

ಈಗ? ಅವಳ ಬಿಳಿ ಬಟ್ಟೆಯ ಚೀಲ ಬಾಯಿ ತೆರೆದು ನೆಲದ ಮೇಲೆ ಬಿದ್ದಿತ್ತು.

“ಯಾರೂ ಮುಟ್ಟಬೇಡಿ” ಎಂದರು ನಮ್ಮ ಕ್ಷೇತ್ರಕಾರ್ಯದ ಮೇಲ್ವಿಚಾರಕಿ ಪ್ರಮೀಳಾ ಮೇಡಂ. ಬಗ್ಗಿ ಚೀಲವನ್ನೇ ದಿಟ್ಟಿಸಿದರು. ಒಳಗೆ, ಹೊರಗೆ, ಹಿಡಿಕೆ. ಅಚ್ಚ ಬಿಳುಪು.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು. ದೇವರಾಜು! ಆಳು ಬಾಗಿಲಿಗಿಂತ ಅಗಲ. ಮೀಸೆ ಇನ್ನೂ ಅಗಲ.

“ನಮ್ಮನೆಯೋಳು ಅದೇನೋ ಯಂತ್ರದ ಮುಂದೆ ಮಾತಾಡವ್ಳಂತೆ. ನಾನೂ ವಸಿ ಕೇಳ್ಬೇಕು, ಆಕ್ರಿ ಮೇಡಮ್ಮಾರೆ.”

ಬೃಂದಾಳ ಮುಖ ಬಿಳಿಚಿತು.

“ಜಗಲಿ ಮೇಲೆ ಕೂತಿರಿ, ಕಾಫಿ ಕಳಿಸ್ತೀನಿ” ಎಂದು ಮೇಡಂ ಬಾಗಿಲು ಹಾಕಿಕೊಂಡರು. ದನಿ ಇಳಿಸಿದರು. “ಕ್ಯಾಸೆಟ್ ಈಗಲೇ ಸಿಗಬೇಕು. ಅದು ಹೊರಗೆ ಹೋದರೆ ಆ ಹೆಂಗಸಿನ ಗತಿ? ಬೃಂದಾ, ಕೊನೆಗೆ ನೋಡಿದ್ದು ಯಾವಾಗ?”

“ತಿಂಡಿಗೆ ಮುಂಚೆ, ಮೇಡಂ. ಚೀಲ ಹಾಳಾಗುತ್ತೆ ಅಂತ ದುಪಟ್ಟದ ತುದೀಲೇ ಹಿಡಿದು ತೆಗೆದು ನೋಡಿದ್ದೆ. ಆಮೇಲೆ ನೀವು ಎಲ್ಲರನ್ನೂ ಸೊಪ್ಪು ಕಟ್ಟೋಕೆ ಕಳಿಸಿದ್ರಲ್ಲ.”

ಮೇಡಂ ಪಾಠವೇ ಹಾಗೆ. ಪೆನ್ನು ಹಿಡಿದು ಪ್ರಶ್ನೆ ಕೇಳಬೇಡಿ. ಅವರ ಕೆಲಸಕ್ಕೆ ಕೈ ಹಾಕಿ, ಮಾತು ತಾನಾಗಿ ಬರುತ್ತದೆ. ಆ ತಿಂಗಳು ಊರಿಗೆ ಊರೇ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಬೆಂಕಿಯ ಕಾವಿನಲ್ಲಿ ಹದಮಾಡುವ ಬ್ಯಾರನ್ ಮನೆಗೆ ಏರಿಸುವುದರಲ್ಲಿ ಮುಳುಗಿತ್ತು. ಅರ್ಧ ಪ್ರಪಂಚ ಸೇದುವಷ್ಟು ಸೊಪ್ಪನ್ನು ನಾನೊಬ್ಬನೇ ಕಟ್ಟಿದ್ದೆ. ಕೈ ಎಷ್ಟು ಕಪ್ಪಾಗಿತ್ತೆಂದರೆ, ಕಾಗೆಯೊಂದು ಬಂದು ನೆಂಟಸ್ತನ ಕೇಳಿತು.

“ಬೀಗದ ಕೈ?”

“ಬಾಗಿಲ ಮೇಲಿನ ಸಂದೀಲಿ. ಅದು ಊರಿಗೇ ಗೊತ್ತು.”

ನನ್ನ ಮಹಾಮೆದುಳು ಗುಡುಗಿತು. “ಮೇಡಂ, ಅಡುಗೆಯ ಸಣ್ಣಬೀರಯ್ಯ! ಮಧ್ಯಾಹ್ನವೇ ವಾಪಸ್ ಬಂದವನು ಅವನೊಬ್ಬನೇ!”

ಸಣ್ಣಬೀರಯ್ಯ ಸೌಟು ಹಿಡಿದೇ ಎದುರಿಗೆ ಬಂದ. “ಲೇ ಮಯೇಂದ್ರ, ನಿಂಗೆ ದಿನಾ ಎರಡು ಮುದ್ದೆ ಇಕ್ಕಿದ್ದಕ್ಕೆ ಇದಾ ಕಣ್ಲಾ? ನಮ್ಮಕ್ಕನ ಮನೇಲಿ ಸೊಪ್ಪು ಕಟ್ಟಿ ಬಂದೆ. ನೋಡು ಈ ಕೈಯ!”

ಕೈಯಲ್ಲ ಅದು, ಇದ್ದಿಲು.

“ವಸಂತ್, ನೀನು?”

“ಪುಟ್ಟತಾಯಮ್ಮನವರ ಮನೆ, ಮೇಡಂ. ಬೆಳಿಗ್ಗೆಯಿಂದ ಸಂಜೆವರೆಗೂ ಸೊಪ್ಪು ಕಟ್ಟಿದೆ. ಸೊಂಟವೇ ಬಿದ್ದುಹೋಯ್ತು.” ಅವನು ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಬೃಂದಾಳತ್ತ ಚಾಚಿದ. “ಅಳಬೇಡ ಕಣೇ.”

ಹೊರಗೆ ದೇವರಾಜು ಬಾಗಿಲು ಗುದ್ದಿದ. “ಎಷ್ಟೊತ್ತು?”

ಮೇಡಂ ನಡುವೆ ಕೈಹಾಕಿ ಕರವಸ್ತ್ರವನ್ನು ತೆಗೆದುಕೊಂಡು ಬಿಡಿಸಿ ಹಿಡಿದರು; ಒಂದು ಕಲೆಯೂ ಇರಲಿಲ್ಲ.

“ವಸಂತ್, ಕೈ ತೋರಿಸು.”

“ಯಾಕೆ ಮೇಡಂ?”

“ತೋರಿಸು.”

ಅಂಗೈ ಎರಡೂ ಆಗ ತಾನೆ ತೊಳೆದ ತಟ್ಟೆಯಂತಿದ್ದವು.

“ಸೋಪು ಹಾಕಿ ತಿಕ್ಕಿದೆ—”

“ಹೊಗೆಸೊಪ್ಪಿನ ಅಂಟು ಸೋಪಿಗೆ ಬಿಡೋದಿಲ್ಲ. ಮಹೇಂದ್ರ ಮುಟ್ಟಿದ ಗೋಡೆ ನೋಡು, ಬೃಂದಾಳ ದುಪಟ್ಟ ನೋಡು — ಎಲ್ಲಾ ಕಪ್ಪು. ಆದರೆ ಕಳ್ಳ ಕೈಹಾಕಿ ತಡಕಾಡಿದ ಬಿಳಿ ಚೀಲದ ಮೇಲೆ ಒಂದು ಬೆರಳಿನ ಗುರುತೂ ಇಲ್ಲ! ಸಣ್ಣಬೀರಯ್ಯ ಆಗಿದ್ದರೆ ಕಲೆ ಇರಬೇಕಿತ್ತು. ಊರಿನವರು ಯಾರೇ ಆಗಿದ್ದರೂ ಇರಬೇಕಿತ್ತು. ಈ ತಿಂಗಳು ಈ ಊರಲ್ಲಿ ಬಿಳಿ ಕೈ ಇರೋದು ಇಬ್ಬರಿಗೆ. ಒಬ್ಬಳು ನಾನು, ಇಡೀ ದಿನ ತಾಲ್ಲೂಕು ಕಚೇರಿಯಲ್ಲಿದ್ದೆ. ಇನ್ನೊಬ್ಬ ನೀನು. ಪುಟ್ಟತಾಯಮ್ಮನ ಮನೆ ಹೊಸ್ತಿಲನ್ನೂ ನೀನು ತುಳಿದಿಲ್ಲ.”

ವಸಂತ್ ಕುಸಿದು ಕೂತ. “ನನ್ನ ಹತ್ರ ಒಂದು ಕೇಸೂ ಇರ್ಲಿಲ್ಲ, ಮೇಡಂ. ಕೇಳ್ಕೊಂಡು ನಂದು ಅಂತ ಹೇಳೋಣ ಅಂತ...” ಅವನ ಹಾಸಿಗೆ ಸುರುಳಿಯಿಂದ ವಾಕ್‌ಮನ್ ಹೊರಬಂತು. ಅದರೊಳಗೆ ಕ್ಯಾಸೆಟ್.

“ನಾಳೆಯ ವೈವಾಕ್ಕೆ ನೀನು ಕೂರೋದಿಲ್ಲ” ಎಂದರು ಮೇಡಂ.

ಬಾಗಿಲಿನ ಅಗುಳಿ ಅಲುಗಿತು. ಬೃಂದಾ ಕ್ಯಾಸೆಟ್ಟನ್ನು ಕಸಿದುಕೊಂಡು ಒಂದೇ ಓಟಕ್ಕೆ ಅಡುಗೆಮನೆ ಸೇರಿದಳು. ಮುದ್ದೆಯ ಎಸರು ಕುದಿಯುತ್ತಿದ್ದ ಒಲೆ. ಎಸೆದೇಬಿಟ್ಟಳು. ರೀಲು ಸುರುಟಿ, ಚಟಚಟ ಉರಿಯಿತು.

“ನಿನ್ನ ವೈವಾ?” ಎಂದೆ.

“ನೆನಪಿದ್ದಷ್ಟು ಹೇಳ್ತೀನಿ. ಫೇಲಾದ್ರೆ ಆಗ್ಲಿ ಬುಡು.”

ಮೇಡಂ ಬಾಗಿಲು ತೆರೆದರು. ದೇವರಾಜು ನುಗ್ಗಿದ.

“ಎಲ್ಲೈತೆ ಕ್ಯಾಸೆಟ್ಟು?”

“ನಮ್ಮ ಹತ್ರ ಯಾವ ಕ್ಯಾಸೆಟ್ಟೂ ಇಲ್ಲ, ಹುಡುಕಿಕೊಳ್ಳಿ.” ಮೇಡಂ ಕಣ್ಣು ಮಿಟುಕಿಸಲಿಲ್ಲ. “ಅಂದಹಾಗೆ, ನಾಳೆಯಿಂದ ಈ ಹುಡುಗಿ ದಿನಾ ನಿಮ್ಮ ಮನೆಗೆ ಸೊಪ್ಪು ಕಟ್ಟೋಕೆ ಬರ್ತಾಳೆ. ಶಿಬಿರ ಮುಗಿದ ಮೇಲೆ ನಾನು ಬರ್ತೀನಿ, ಮಲ್ಲಾಜಮ್ಮ ಹೇಗಿದ್ದಾಳೆ ಅಂತ ನೋಡೋಕೆ.”

ಅವನು ಮೇಡಂ ಮುಖ ನೋಡಿದ, ಬೃಂದಾಳ ಕಪ್ಪು ಕೈ ನೋಡಿದ. ಏನೋ ಗೊಣಗಿಕೊಂಡು ಮೆಟ್ಟಿಲಿಳಿದ.

ಬೃಂದಾಳಿಗೆ ಆ ವೈವಾದಲ್ಲಿ ಬಂದದ್ದು ಬರೀ ಪಾಸು ಮಾರ್ಕು. ಈಗ ಅವಳು ಹುಣಸೂರಿನಲ್ಲಿ ಆಪ್ತಸಮಾಲೋಚಕಿ. ಮಲ್ಲಾಜಮ್ಮ ಈಗಲೂ ಅವಳಿಗೆ ಹುರುಳಿಕಾಳು ಕಳಿಸುತ್ತಾಳೆ. ಕಳ್ಳನನ್ನು ಹಿಡಿದದ್ದು ಮೇಡಂ ಎಂದು ಊರೆಲ್ಲ ಹೇಳುತ್ತದೆ, ಹೇಳಲಿ. ನನ್ನ ಕೈ ಅಷ್ಟು ಕಪ್ಪಾಗಿರದಿದ್ದರೆ ಅವನ ಬಿಳಿ ಕೈ ಯಾರ ಕಣ್ಣಿಗೆ ಬೀಳುತ್ತಿತ್ತು?