ಅಳಿಸಿಹೋದ ಒಂದು ಸಾಲು

"ಈ ಫಂಕ್ಷನ್ ಬರೆದೋರು ಯಾರ್ರೀ?"

ಕಂಪ್ಯೂಟರ್ ಲ್ಯಾಬಿನ ಬಾಗಿಲಲ್ಲೇ ನಿಂತು ಅವನು ಕೇಳಿದ ರೀತಿಗೆ ಶಿವರಂಜನಿಗೆ ಮೈಯೆಲ್ಲಾ ಉರಿದುಹೋಯಿತು. ಹೆಗಲಿಗೆ ಬ್ಯಾಗು, ಕೂದಲ ತುಂಬಾ ಬಸ್ಸಿನ ಧೂಳು... ಒಂದು ನಮಸ್ಕಾರವೂ ಇಲ್ಲ!

"ನಾನೇ. ಏನೀಗ?"

"ಒಂದು ಹುಡುಗಿ ಹೆಸರಲ್ಲಿ ಒಳಗೆ ಹೋಗಿ ಇನ್ನೊಬ್ಬಳ ಅಂಕ ಕೇಳ್ದೆ. ಕೊಟ್ಟೇಬಿಡ್ತು! ಕೇಳ್ತಿರೋರು ಯಾರು ಅಂತ ನೋಡೋದು ಬ್ಯಾಡ್ವಾ?"

ಶಿವರಂಜನಿ ಚಳ್ಳಕೆರೆಯ ಆ ಮಹಿಳಾ ಕಾಲೇಜಿನಲ್ಲಿ ಕಂಪ್ಯೂಟರ್ ಉಪನ್ಯಾಸಕಿ. ಪಾಠ, ಪರೀಕ್ಷೆ, ಅಂಕಗಳೆಲ್ಲ ಇರುವ ಕಾಲೇಜಿನ ಆನ್‌ಲೈನ್ ಕಲಿಕಾ ತಾಣವನ್ನು ನೋಡಿಕೊಳ್ಳುತ್ತಿದ್ದವಳೂ ಅವಳೇ. ಹಳ್ಳಿಗಳಿಂದ ಬರುವ ಹುಡುಗಿಯರು ತಮ್ಮ ಅಂಕವನ್ನು ಮೊಬೈಲಿನಲ್ಲೇ ನೋಡಿಕೊಳ್ಳಲಿ ಎಂದು ಕಾಲೇಜು ಒಂದು ಆಪ್ ಮಾಡಿಸುತ್ತಿತ್ತು. ಆಪ್ ಕೇಳಿದಾಗ ತಾಣದಿಂದ ಅಂಕ ತೆಗೆದುಕೊಡುವ ಹೊಸ ಫಂಕ್ಷನ್, ಅಂದರೆ ಪ್ರೋಗ್ರಾಮಿನ ತುಣುಕು, ಬರೆಯುವುದು ಅವಳ ಪಾಲಿನ ಕೆಲಸ. ಆಪ್ ಮಾಡುವವನು ಮೊಳಕಾಲ್ಮುರಿನ ಎರ್ರಿಸ್ವಾಮಿ. ಬಾಗಿಲಲ್ಲಿ ನಿಂತಿದ್ದ ಇವನೇ!

ಅವನು ಹೇಳಿದ್ದು ನಿಜವಾಗಿತ್ತು. ಅವಳ ಮುಖ ಸಣ್ಣದಾಯಿತು.

"ಬೇಜಾರಾಯ್ತಾ ಮೇಡಂ? ನನ್ ಬಾಯೇ ಹಿಂಗೆ," ಎಂದು ಅವನು ಕುರ್ಚಿ ಎಳೆದುಕೊಂಡ. "ಬನ್ನಿ, ಇಬ್ರೂ ಕೂತು ಸರಿ ಮಾಡೋಣ."

ಕೇಳುತ್ತಿರುವವರು ಯಾರೆಂದು ನೋಡಿ, ಅಧಿಕಾರವಿಲ್ಲದವರನ್ನು ವಾಪಸ್ ಕಳಿಸುವ ಒಂದು ಸಾಲನ್ನು ಅವತ್ತು ಇಬ್ಬರೂ ಸೇರಿ ಬರೆದರು.

ಆಮೇಲೆ ಅವನು ಆಗಾಗ ಬರತೊಡಗಿದ. ಒಮ್ಮೆ ಅವ್ವ ಮಾಡಿದ್ದೆಂದು ಡಬ್ಬಿ ಮುಂದಿಟ್ಟ.

"ನಮ್ಮಪ್ಪಂದೇ ಶೇಂಗಾ ವ್ಯಾಪಾರ. ನಂಗೆ ಶೇಂಗಾ ಹೋಳಿಗೆ ತಂದಿದೀರಾ?"

"ನಿಮ್ಮಪ್ಪ ಮಾರ್ತಾರೆ. ನಮ್ಮವ್ವ ಮಾಡ್ತಾಳೆ. ತಿಂದು ನೋಡಿ, ಆಮೇಲೆ ಮಾತಾಡಿ!"

ಅವನು ಬಾರದ ದಿನ ಲ್ಯಾಬು ಖಾಲಿ ಖಾಲಿ... 'ಏನಾಗ್ತಿದೆ ನನಗೆ?' ಎಂದುಕೊಳ್ಳುವಳು. ಉತ್ತರ ಗೊತ್ತಿತ್ತು. ಹೇಳಿಕೊಳ್ಳಲು ಧೈರ್ಯವಿರಲಿಲ್ಲ.

ಆಪ್ ಎಲ್ಲರ ಕೈಗೆ ಬಂದ ಮಾರನೇ ದಿನವೇ ಆಕಾಶ ತಲೆಯ ಮೇಲೆ ಬಿದ್ದಂತಾಯಿತು.

ಉಪನ್ಯಾಸಕರಿಗೂ ಅದೇ ಆಪ್ ಇದ್ದುದರಿಂದ ಅದರಲ್ಲಿ ಯಾರ ನೋಂದಣಿ ಸಂಖ್ಯೆಯನ್ನಾದರೂ ಹಾಕಬಹುದಿತ್ತು. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ನೋಡಬೇಕಾದದ್ದು ಫಂಕ್ಷನ್. ಅದು ನೋಡಲಿಲ್ಲ! ಯಾರೋ ಒಂದು ಇಡೀ ತರಗತಿಯ ಅಂಕ ತೆಗೆದು ವಾಟ್ಸಾಪಿಗೆ ಹಾಕಿದ್ದರು. ಎಲ್ಲರಿಗಿಂತ ಕಡಿಮೆ ದೇವಸಮುದ್ರದ ಸೌಂದರ್ಯಳದು. ಅವಳ ಫೋಟೋದ ಮೇಲೆ ಸೊನ್ನೆ ಬರೆದು ಹಂಚಿದ್ದರು. ಅಂದಿನಿಂದ ಆ ಹುಡುಗಿ ಕಾಲೇಜಿಗೆ ಬರಲಿಲ್ಲ.

ಪ್ರಿನ್ಸಿಪಾಲ್ ಮುರುಗೇಂದ್ರಪ್ಪ ಇಬ್ಬರನ್ನೂ ಕರೆಸಿದರು.

"ಏನಪ್ಪಾ ಎರ್ರಿಸ್ವಾಮಿ, ನಿನ್ನ ಆಪಿಂದ ಆಗಿದ್ದಾ ಇದು?"

ಅವನು ಒಮ್ಮೆ ಶಿವರಂಜನಿಯನ್ನು ನೋಡಿದ. ತಲೆ ತಗ್ಗಿಸಿದ.

"ಅಲ್ಲ ಸರ್. ಫಂಕ್ಷನ್ನೇ ಎಲ್ಲಾರ್ದೂ ಎಲ್ಲಾರಿಗೂ ಕೊಡ್ತಾ ಐತೆ."

ಶಿವರಂಜನಿ ಹೊರಗೆ ಬಂದವಳೇ ಸಿಡಿದಳು.

"ಆ ಸಾಲು ಇಬ್ರೂ ಸೇರಿ ಹಾಕಿರ್ಲಿಲ್ವಾ? ನಿಮ್ಮ ಕೆಲಸ ಉಳಿಸ್ಕೊಳ್ಳೋಕೆ ನನ್ನ ತಳ್ಳಿಬಿಟ್ರಾ?"

"ಒಂದ್ಸಲ ತೆಗೆದು ನೋಡಿ ಮೇಡಂ..."

"ನಿಮ್ಮ ಮುಖ ತೋರಿಸ್ಬೇಡಿ ನಂಗೆ!"

ಅವನು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟುಹೋದ.

ಕಣ್ಣೊರೆಸಿಕೊಂಡು ಫಂಕ್ಷನ್ ತೆರೆದಳು. ಮೇಲಿಂದ ಕೆಳಗೆ ಓದಿದಳು. ಮತ್ತೆ ಓದಿದಳು...

ಸಾಲು ಇರಲಿಲ್ಲ!

ಆಪ್ ಬಿಡುವ ಮುಂಚೆ ಅದನ್ನು ಕೊನೆಯ ಸಲ ಪರೀಕ್ಷಿಸಿದಾಗ, ಆ ಸಾಲು ಉಪನ್ಯಾಸಕರನ್ನೂ ತಡೆದು ಅವರಿಗೇ ಅಂಕ ಕಾಣದೆ ಎಲ್ಲರೂ ಗದ್ದಲ ಮಾಡಿದ್ದರು. ಆ ಗಡಿಬಿಡಿಯಲ್ಲಿ 'ಆಮೇಲೆ ಹಾಕಿದರಾಯ್ತು' ಎಂದು ಅದನ್ನು ತೆಗೆದವಳು ಅವಳೇ.

ಕೂಡಲೇ ಸಾಲನ್ನು ಉಪನ್ಯಾಸಕರಿಗೆ ಕಾಣುವಂತೆ ತಿದ್ದಿ ಮತ್ತೆ ಸೇರಿಸಿದಳು. ಆದರೆ ಊರೂರಿನ ಮೊಬೈಲುಗಳಿಗೆ ಹೋದ ಆ ಸೊನ್ನೆಯನ್ನು ವಾಪಸ್ ಕರೆಯುವುದು ಹೇಗೆ? ಅಂಥ ಫಂಕ್ಷನ್ ಯಾರಿಗೂ ಬರೆಯಲು ಬರುವುದಿಲ್ಲ. ಸೌಂದರ್ಯಳ ಫೋನು ಸ್ವಿಚ್ ಆಫ್. ಪ್ರಿನ್ಸಿಪಾಲರ ಬಳಿ ಹೋಗಿ ತಪ್ಪೊಪ್ಪಿಕೊಂಡಳು.

"ಈಗ ಹೇಳಿ ಏನಮ್ಮಾ ಬಂತು?" ಎಂದು ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಮರುದಿನ ಬೆಳಿಗ್ಗೆ ಅವಳು ಮೊಳಕಾಲ್ಮುರಿನ ಬಸ್ಸು ಹತ್ತಿದಳು. ಕೆಳಗೆ ಮಗ್ಗದ ಸದ್ದು, ಮೇಲೆ ಎರ್ರಿಸ್ವಾಮಿಯ ಪುಟ್ಟ ಕೋಣೆ. ಅವಳನ್ನು ಕಂಡು ಅವನು ಎದ್ದು ನಿಂತ.

"ಸಾಲು ನಾನೇ ತೆಗೆದಿದ್ದೆ... ನೆನಪೇ ಇರ್ಲಿಲ್ಲ. ಸೌಂದರ್ಯ ಮನೆಗೆ ಹೋಗ್ಬೇಕು. ಒಬ್ಬಳೇ ಹೋಗೋಕೆ ಆಗ್ತಿಲ್ಲ."

ಅವನು ಬೈಕಿನ ಕೀಲಿ ತೆಗೆದುಕೊಂಡ.

ದೇವಸಮುದ್ರದಲ್ಲಿ ಸೌಂದರ್ಯಳ ತಾಯಿ ಸೂರಮ್ಮ, "ರಾ ತಲ್ಲಿ... ಬಾ ತಾಯಿ, ಕೂತ್ಕೋ," ಎಂದು ಚಾಪೆ ಹಾಸಿದಳು. ತಂದೆ ಕ್ಯಾತಣ್ಣ ಕುರಿಹಟ್ಟಿಯ ಕಡೆಯಿಂದ ಬಂದು ಕಂಬಕ್ಕೊರಗಿ ನಿಂತ.

"ತಪ್ಪು ನಂದು," ಎಂದಳು ಶಿವರಂಜನಿ. "ಸೌಂದರ್ಯನ ಕಾಲೇಜು ಬಿಡಿಸ್ಬೇಡಿ..."

"ತಪ್ಪು ಯಾರ್ದೋ ಇರ್ಲಿ ಮೇಡಂ. ಊರೋರ ಮಾತು ಕೇಳಿದ್ದು ನಾವು," ಎಂದ ಕ್ಯಾತಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಬಾಗಿಲ ಹಿಂದಿನಿಂದ ಸೌಂದರ್ಯ ಮೆಲ್ಲಗೆ ಕೇಳಿದಳು.

"ಇನ್ಮೇಲೆ ಬೇರೆಯೋರಿಗೆ ಕಾಣಲ್ವಾ ಮೇಡಂ?"

"ಕಾಣಲ್ಲ ಕಣಮ್ಮಾ. ಆದ್ರೆ ಆಗ್ಲೇ ಕಂಡಿದ್ದನ್ನ ಅಳಿಸೋಕೆ ನನ್ನಿಂದ ಆಗಲ್ಲ..."

ಹುಡುಗಿ ಅಪ್ಪನ ಮುಖ ನೋಡಿದಳು. ಕ್ಯಾತಣ್ಣ, "ನೋಡಾನ. ಸೋಮವಾರ ನಾನೇ ಜೊತೆಗೆ ಬಂದು ಬಿಡ್ತೀನಿ. ಯಾರಾನ ಒಂದ್ ಮಾತಂದ್ರೆ ವಾಪಸ್ ಕರ್ಕೊಂಡು ಬರೋದೇ," ಎಂದ.

ಅಷ್ಟೇ ಸಿಕ್ಕಿದ್ದು.

ಊರ ಹೊರಗೆ, ಹೊಲದ ಪಕ್ಕದಲ್ಲಿ ಎರ್ರಿಸ್ವಾಮಿ ಬೈಕು ನಿಲ್ಲಿಸಿದ. ಅವಳು ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಒಡೆಯಿತು.

"ನಂಗೋಸ್ಕರ ನಿನ್ನೆ ಸುಳ್ಳು ಹೇಳ್ಬಹುದಿತ್ತಲ್ವಾ?"

"ಹೇಳಿದ್ರೆ ಫಂಕ್ಷನ್ ಹಂಗೇ ಉಳೀತಿತ್ತು. ಇನ್ನೆಷ್ಟು ಸೌಂದರ್ಯರು... ನಿಜ ಹೇಳಿ ಬಂದೆ. ನಿಮ್ಮನ್ನ ಕಳ್ಕೊಂಡೆ ಅನ್ಕೊಂಡೆ. ನಿನ್ನೆಯಿಂದ ಊಟ ಸೇರಿಲ್ಲ ನಂಗೆ."

"ಕಳ್ಕೊಂಡಿಲ್ಲ... ನೀವಿಲ್ದೆ ನಂಗೂ ಆಗಲ್ಲ ಎರ್ರಿಸ್ವಾಮಿ."

ಅವನು ನಕ್ಕ. ಕಣ್ಣು ತುಂಬಿತ್ತು.

"ನಿಮ್ಮಪ್ಪ ಒಪ್ತಾರಾ? ನಮ್ ಜಾತಿ ಬ್ಯಾರೆ, ಮನೆ ಬ್ಯಾರೆ..."

"ಗೊತ್ತಿಲ್ಲ. ಇವತ್ತು ನನ್ ಕೈಲಿ ಏನೂ ಇಲ್ಲ ಅನ್ನಿಸ್ತಿದೆ."

"ನನ್ ಕೈಲೂ ಏನಿಲ್ಲ." ಅವನು ಅಂಗೈ ಚಾಚಿದ. "ಬರೀ ಕೈ ಐತೆ. ಹಿಡ್ಕೋತೀಯಾ?"

ಮೊದಲ ಸಲ 'ನೀನು' ಎಂದಿದ್ದ. ಅವಳು ಎರಡೂ ಕೈಗಳಿಂದ ಹಿಡಿದುಕೊಂಡಳು.

"ಬಿಡಲ್ಲ ಕಣೋ..."